ವಾನರದಂಶ: ಮಿತಾಕ್ಷರೆಯ ಕಾಲದಿಂದ ಇಂದಿನವರೆಗೆ

೧

ಬಸವಕಲ್ಯಾಣ, ಹುಮನಾಬಾದುಗಳ ಪ್ರಾಂತದಲ್ಲಿ ಕೋತಿಯನ್ನು ಕಾಡಿನ ಪ್ರಾಣಿಯೆನ್ನುವುದಕ್ಕಿಂತ ಊರಿನ ನೆರೆಯ ಪ್ರಾಣಿಯೆನ್ನುವುದೇ ಹೆಚ್ಚು ಒಪ್ಪುವುದು. ಕೋಟೆಯ ಗೋಡೆ, ಗುಡಿಯ ಮುಂದಣ ಅರಳಿಯ ಮರ, ಹೊಲದ ಬದುವಿನ ಹುಣಿಸೆ, ಮನೆಯ ಮಾಳಿಗೆ ಇವೆಲ್ಲವೂ ಅದಕ್ಕೆ ನೆಲೆಗಳೇ ಆಗಿರುತ್ತವೆ. ಕೆಲವರು ಅದಕ್ಕೆ ಬಾಳೆಯ ಹಣ್ಣನ್ನು ಕೊಟ್ಟು ಕೈಮುಗಿಯುವರು; ಕೆಲವರು ಕಡಲೆಯ ಹೊಲವನ್ನು ಕಾಯುತ್ತ ಕವಣೆ ಬೀಸುವರು. ಈ ಎರಡು ಬಗೆಯವರಿಗೂ ಒಮ್ಮೊಮ್ಮೆ ಅದರ ಹಲ್ಲಿನ ಪರಿಚಯವಾಗುವುದುಂಟು. ಆಗ ಮನೆಯವರೆಲ್ಲ ಕೂಡಿ ಕೇಳುವ ಪ್ರಶ್ನೆ ಒಂದೇ: ಹುಚ್ಚುನಾಯಿಯ ಕಡಿತದಿಂದ ಬರುವ ಆ ಮಹಾರೋಗವು ಕೋತಿಯ ಕಡಿತದಿಂದಲೂ ಬರುವುದೇ?

ಈ ಪ್ರಶ್ನೆಗೆ ಜನರಲ್ಲಿ ಎರಡು ಉತ್ತರಗಳು ಬಳಕೆಯಲ್ಲಿವೆ. ಕೋತಿಯು ಹನುಮಂತನ ಕುಲದ್ದು, ಅದರ ಹಲ್ಲಿನಲ್ಲಿ ವಿಷವಿಲ್ಲ, ಅರಿಸಿನ ಹಚ್ಚಿದರೆ ಸಾಕು ಎಂಬುದು ಒಂದು. ಕಾಡುಕೋತಿಗಳೆಲ್ಲವೂ ರೋಗದ ಗಂಟುಗಳು, ಅವನ್ನು ಊರಿಂದ ನಿರ್ಮೂಲ ಮಾಡಿದ ಹೊರತು ನಮಗೆ ಉಳಿವಿಲ್ಲ ಎಂಬುದು ಇನ್ನೊಂದು. ಮೊದಲನೆಯ ಉತ್ತರದಿಂದ ಮನುಷ್ಯನ ಪ್ರಾಣಕ್ಕೆ ಅಪಾಯ. ಎರಡನೆಯದರಿಂದ ತಪ್ಪಿಲ್ಲದ ಪ್ರಾಣಿಯ ವಧೆ. ಎರಡೂ ಸತ್ಯದಿಂದ ದೂರವಾದುವು. ಸತ್ಯವೇನೆಂಬುದನ್ನು ತಿಳಿಯಬೇಕಾದರೆ ಈ ವಿಷಯವಾಗಿ ಮನುಷ್ಯನ ಅರಿವು ಹೇಗೆ ಬೆಳೆದುಬಂದಿತೆಂಬುದನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಆ ಕಥೆಯ ಒಂದು ಮುಖ್ಯ ಭಾಗವು ನಮ್ಮ ಕಲ್ಯಾಣಪಟ್ಟಣದಲ್ಲಿಯೇ ನಡೆದುದಾಗಿದೆ ಎಂಬುದು ವಾಚಕರಲ್ಲಿ ಅನೇಕರಿಗೆ ಹೊಸದಾಗಿ ತೋರಬಹುದು.

೨

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಕ್ರಿ. ಶ. ೧೦೭೬ರಿಂದ ೧೧೨೬ರವರೆಗೆ ಕಲ್ಯಾಣದಲ್ಲಿ ಆಳಿದನು. ಅವನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರೆ. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣದಂಥ ಪಟ್ಟಣವೂ ವಿಕ್ರಮನಂಥ ಅರಸನೂ ಮತ್ತೆಲ್ಲಿಯೂ ಇಲ್ಲವೆಂದು ಹೆಮ್ಮೆಪಟ್ಟಿರುವುದು ಪ್ರಸಿದ್ಧವಾಗಿದೆ. ೧೮೧೦ರಲ್ಲಿ ಕೋಲ್‌ಬ್ರೂಕನು ಅದರ ದಾಯಭಾಗವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ, ಕೋರ್ಟು ಕಚೇರಿಗಳ ಬಳಕೆಯಿಂದಾಗಿ ಜನರು ಮಿತಾಕ್ಷರೆಯನ್ನು ಆಸ್ತಿ ಹಂಚುವ ಗ್ರಂಥವೆಂದೇ ಬಲ್ಲವರಾದರು. ಆದರೆ ಅದಕ್ಕೆ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯಗಳಿವೆ. ಮೂರನೆಯದಾದ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಪ್ರಕೃತ ವಿಷಯಕ್ಕೆ ಸಂಬಂಧಪಟ್ಟ ಒಂದು ಶ್ಲೋಕವುಂಟು.

ವಾನರ, ಕತ್ತೆ, ನಾಯಿ, ಒಂಟೆ, ಕಾಗೆ ಮುಂತಾದುವುಗಳಿಂದ ಕಚ್ಚಿಸಿಕೊಂಡವನು ನೀರಿನಲ್ಲಿ ನಿಂತು ಪ್ರಾಣಾಯಾಮ ಮಾಡಿ, ತುಪ್ಪವನ್ನು ಸೇವಿಸಿ ಶುದ್ಧನಾಗಬೇಕೆಂಬುದು ಅದರ ತಾತ್ಪರ್ಯ. ಮನುಸ್ಮೃತಿಯಲ್ಲಿಯೂ ಇಂಥದೇ ಒಂದು ವಿಧಿಯಿದೆ. ಅಲ್ಲಿ ನಾಯಿ, ನರಿ, ಕತ್ತೆ, ಕುದುರೆ, ಒಂಟೆ, ಹಂದಿ ಮುಂತಾದುವು ಬರುತ್ತವೆ, ವಾನರದ ಹೆಸರಿಲ್ಲ. ಹೀಗಾಗಿ ವಾನರದಂಶವನ್ನು ಹೆಸರಿಟ್ಟು ಹೇಳಿದ ಯಾಜ್ಞವಲ್ಕ್ಯನ ಮಾತಿಗೆ ನಮ್ಮ ಕಲ್ಯಾಣದ ಪಂಡಿತನು ವ್ಯಾಖ್ಯಾನಕಾರನಾದನು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯತಕ್ಕದ್ದು. ಧರ್ಮಶಾಸ್ತ್ರಕಾರರು ಈ ವಿಧಿಯನ್ನು ಹೇಳಿದುದು ರೋಗಕ್ಕಾಗಿ ಅಲ್ಲ, ಮೈಲಿಗೆಗಾಗಿ. ಕಾಗೆಯ ಕುಕ್ಕೂ ನಾಯಿಯ ಕಡಿತವೂ ಒಂದೇ ಪಂಕ್ತಿಯಲ್ಲಿ ಕುಳಿತಿರುವುದೇ ಇದಕ್ಕೆ ಸಾಕ್ಷಿ. ನೀರಿಗಿಳಿದವನ ಗಾಯವು ತಾನಾಗಿಯೇ ತೊಳೆದುಹೋಗಿ ಅವನಿಗೆ ಹಿತವಾಗಿದ್ದಿರಬಹುದು. ಆದರೂ ನಮ್ಮ ಹಿರಿಯರು ಇಂದಿನ ವೈದ್ಯಶಾಸ್ತ್ರವನ್ನೆಲ್ಲ ಅಂದೇ ಅರಿತಿದ್ದರೆಂದು ಅದರಿಂದ ಸಾಧಿಸಹೊರಡುವುದು ಸರಿಯಲ್ಲ. ಆ ಶ್ಲೋಕದಿಂದ ನಾವು ನಿಶ್ಚಯವಾಗಿ ತಿಳಿಯಬಹುದಾದ ಸಂಗತಿ ಇಷ್ಟೇ: ಕೋತಿ ಮನುಷ್ಯನನ್ನು ಕಚ್ಚುವುದು ನಿನ್ನೆ ಮೊನ್ನೆಯ ಹೊಸ ಉಪದ್ರವವಲ್ಲ. ಸ್ಮೃತಿಕಾರನು ಒಂದು ವಿಧಿಯನ್ನೇ ಬರೆಯುವಷ್ಟು ಅದು ಜನಜೀವನದಲ್ಲಿ ಸಾಮಾನ್ಯವಾಗಿದ್ದಿತು. ಮದನಿಕೆಯ ಸೆರಗನ್ನು ಹಿಡಿದೆಳೆಯುವ ಕೋತಿಯನ್ನು ನಮ್ಮ ನಾಡಿನ ಶಿಲ್ಪಿಗಳು ಕಲ್ಲಿನಲ್ಲಿ ಕಡೆದರು. ನಿಲ್ಲದ ಮನಸ್ಸಿಗೆ ಕೊಂಬೆಯಿಂದ ಕೊಂಬೆಗೆ ಹಾರುವ ಮರ್ಕಟನನ್ನು ಶರಣರು ಹೋಲಿಸಿದರು. ಕೋತಿಯ ನೆರೆಯನ್ನು ಚೆನ್ನಾಗಿ ಬಲ್ಲ ಜನರಿಗೆ ಮಾತ್ರ ಇಂಥ ಚಿತ್ರಗಳು ಹೊಳೆಯುವುವು.

೩

ಮೈಲಿಗೆಯ ಮಾತು ಧರ್ಮಶಾಸ್ತ್ರದಲ್ಲಿದ್ದರೆ ರೋಗದ ಮಾತು ವೈದ್ಯಶಾಸ್ತ್ರದಲ್ಲಿದೆ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚೆದ್ದ ಪ್ರಾಣಿಯ ವರ್ಣನೆಯು ಬಹು ಸ್ಫುಟವಾಗಿ ಬಂದಿದೆ. ಬಾಲ, ದವಡೆ, ಹೆಗಲು ಜೋತುಬಿದ್ದು, ಜೊಲ್ಲು ಸುರಿಸುತ್ತ, ಕುರುಡು ಕಿವುಡಾದಂತೆ ಎದುರಾದವರ ಮೇಲೆ ಅದು ಓಡುವುದು. ಅದರಿಂದ ಕಚ್ಚಿಸಿಕೊಂಡವನಿಗೆ ಗಾಯದ ಜಾಗವು ಮರಗಟ್ಟುವುದು. ಕೊನೆಗೆ ಅವನು ನೀರನ್ನು ಕಂಡರೆ, ನೀರಿನ ಸದ್ದನ್ನು ಕೇಳಿದರೆ ಬೆದರುವನು. ಇದನ್ನು ಸುಶ್ರುತನು ಜಲತ್ರಾಸವೆಂದು ಕರೆದು, ಈ ಲಕ್ಷಣ ಕಂಡ ಮೇಲೆ ರೋಗಿಯು ಬದುಕಲಾರನೆಂದು ಹೇಳಿದನು. ಇಂದಿನ ವೈದ್ಯರು ರೇಬೀಸ್ ಎನ್ನುವ ರೋಗವೇ ಇದು ಎಂಬುದರಲ್ಲಿ ಸಂದೇಹವಿಲ್ಲ.

ಚಿಕಿತ್ಸೆಯಲ್ಲಿ ಅವನು ಗಾಯದ ರಕ್ತವನ್ನು ಹಿಂಡಿ ತೆಗೆಯಲು ಹೇಳಿದನು. ಕಾಯಿಸಿದ ತುಪ್ಪದಿಂದ ಗಾಯವನ್ನು ಸುಡಲು ಹೇಳಿದನು. ಇವುಗಳಿಗಿಂತ ಗಮನಿಸತಕ್ಕ ಮಾತು ಇನ್ನೊಂದಿದೆ. ವಿಷವು ತಾನಾಗಿ ಕೆರಳಿದವನು ಉಳಿಯನು, ಆದಕಾರಣ ಅದು ತಾನಾಗಿ ಕೆರಳುವುದಕ್ಕೆ ಮುಂಚೆಯೇ ವೈದ್ಯನು ಕಾರ್ಯಪ್ರವೃತ್ತನಾಗಬೇಕೆಂಬುದೇ ಆ ಮಾತಿನ ಅಭಿಪ್ರಾಯ. ಅವನು ಹೇಳಿದ ಔಷಧಗಳು ಇಂದು ನಿಲ್ಲಲಾರವು. ಆದರೆ ಕಡಿತಕ್ಕೂ ರೋಗ ತಲೆದೋರುವುದಕ್ಕೂ ನಡುವೆ ಒಂದು ಅವಧಿಯಿದೆ, ಮಾಡುವುದನ್ನೆಲ್ಲ ಆ ಅವಧಿಯೊಳಗೇ ಮಾಡಬೇಕು ಎಂಬ ತಿಳಿವಳಿಕೆ ಮಾತ್ರ ಇಂದಿಗೂ ನಿಂತಿದೆ.

ಈ ಭಾಗದಲ್ಲಿ ಸುಶ್ರುತನು ಹೆಸರಿಸಿದ ಪ್ರಾಣಿಗಳು ನಾಯಿ, ನರಿ, ಕತ್ತೆಕಿರುಬ, ಕರಡಿ, ಹುಲಿ ಮೊದಲಾದುವು. ಕೋತಿಯ ಹೆಸರನ್ನು ಅವನು ಹೇಳಲಿಲ್ಲ. 'ಆದಿ' ಎಂಬ ಮಾತಿನಲ್ಲಿ ಅದಕ್ಕೆ ಎಡೆಯಿದ್ದರೂ ಇರಬಹುದು. ಕೋತಿಯ ಕಡಿತವನ್ನು ಧರ್ಮಶಾಸ್ತ್ರವು ಎಣಿಸಿತು, ಹುಚ್ಚುಪ್ರಾಣಿಗಳ ಪಂಕ್ತಿಯಲ್ಲಿ ವೈದ್ಯಶಾಸ್ತ್ರವು ಅದನ್ನು ಹೆಸರಿಸದೆ ಬಿಟ್ಟಿತು. ಅಂದರೆ ಕೋತಿಯು ಕಚ್ಚುವುದು ಹೆಚ್ಚು, ಹುಚ್ಚೇಳುವುದು ಕಡಿಮೆ. ಇಂದಿನ ಶೋಧನೆಯಿಂದ ತಿಳಿದುಬಂದಿರುವುದೂ ಬಹುಮಟ್ಟಿಗೆ ಇದೇ ಆಗಿದೆ. ಅದನ್ನು ಮುಂದೆ ವಿವರಿಸಲಾಗುವುದು.

ಕಲ್ಯಾಣದ ಅರಸುಮನೆತನಕ್ಕೆ ಪ್ರಾಣಿಗಳ ವಿಷಯದಲ್ಲಿ ಇದ್ದ ಆಸಕ್ತಿಯನ್ನೂ ಇಲ್ಲಿ ನೆನೆಯಬೇಕು. ವಿಕ್ರಮಾದಿತ್ಯನ ಸೋದರನಾದ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವೆಂಬ ಗ್ರಂಥವನ್ನು ರಚಿಸಿದನು. ಅದರಲ್ಲಿ ದನಕರುಗಳ ರೋಗಗಳಿಗೆ ಔಷಧವೂ ಇದೆ, ಮಂತ್ರವೂ ಇದೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ಬರೆದ ಮಾನಸೋಲ್ಲಾಸದ ನೂರು ಅಧ್ಯಾಯಗಳಲ್ಲಿ ನಾಯಿಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಇಂಥ ನಾಡಿನಲ್ಲಿಯೂ ಜಲತ್ರಾಸಕ್ಕೆ ಮಾತ್ರ ಮದ್ದಿರಲಿಲ್ಲ. ಇನ್ನೂ ಏಳುನೂರೈವತ್ತು ವರ್ಷಗಳವರೆಗೆ ಲೋಕದ ಯಾವ ನಾಡಿನಲ್ಲಿಯೂ ಇರಲಿಲ್ಲ.

೪

ಮದ್ದು ದೊರೆತುದು ಫ್ರಾನ್ಸ್ ದೇಶದಲ್ಲಿ. ಲೂಯಿ ಪಾಶ್ಚರನು ಈ ರೋಗದ ವಿಷವನ್ನು ಪ್ರಾಣಿಯಿಂದ ಪ್ರಾಣಿಗೆ ದಾಟಿಸಿ ಅದರ ಗುಣವನ್ನು ಪರೀಕ್ಷಿಸುತ್ತಿದ್ದನು. ಮೊಲದಿಂದ ಮೊಲಕ್ಕೆ ದಾಟಿಸಿದರೆ ವಿಷವು ತೀವ್ರವಾಗುವುದೆಂದೂ, ಕೋತಿಯಿಂದ ಕೋತಿಗೆ ದಾಟಿಸಿದರೆ ನಾಯಿಗಳ ಪಾಲಿಗೆ ದುರ್ಬಲವಾಗುವುದೆಂದೂ ಅವನು ೧೮೮೪ರಲ್ಲಿ ತಿಳಿಸಿದನು. ಈ ರೋಗದ ವಿಷವನ್ನು ಮನುಷ್ಯಪ್ರಯತ್ನದಿಂದ ಸೌಮ್ಯಗೊಳಿಸಬಹುದೆಂದು ತೋರಿಸಿದ ಮೊದಲ ಹೆಜ್ಜೆಗಳಲ್ಲಿ ಅದೊಂದು. ಮುಂದೆ ಅವನು ಕೋತಿಯ ಮಾರ್ಗವನ್ನು ಬಿಟ್ಟು, ಮೊಲದ ಬೆನ್ನುಹುರಿಯನ್ನು ಒಣಗಿಸಿ ವಿಷವನ್ನು ತಗ್ಗಿಸುವ ಕ್ರಮವನ್ನು ಹಿಡಿದನು. ಹಾಗಿದ್ದರೂ ಈ ಔಷಧದ ಚರಿತ್ರೆಯಲ್ಲಿ ಕೋತಿಯ ಋಣವು ನಮ್ಮ ಮೇಲೆ ಉಳಿದೇ ಇದೆ.

೧೮೮೫ನೆಯ ಜುಲೈ ೬ರಂದು ಅಲ್ಸೇಸ್ ಪ್ರಾಂತದ ಜೋಸೆಫ್ ಮೈಸ್ಟರನೆಂಬ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಚುಚ್ಚುಮದ್ದು ನಡೆಯಿತು. ನಾಯಿ ಕಚ್ಚಿ ಎರಡೇ ದಿನಗಳಾಗಿದ್ದುವು. ಹದಿಮೂರು ಸೂಜಿಗಳಾದುವು, ಹುಡುಗನು ಬದುಕಿದನು. ಅದೇ ವರ್ಷದ ನವೆಂಬರಿನಲ್ಲಿ ಲೂಯಿಸ್ ಪೆಲ್ಲೆತಿಯೆ ಎಂಬ ಹತ್ತು ವರ್ಷದ ಬಾಲಿಕೆಯನ್ನು ಕರೆತಂದರು. ಕಡಿತವಾಗಿ ಮೂವತ್ತೇಳು ದಿನಗಳು ಕಳೆದಿದ್ದುವು. ಕಾಲ ಮೀರಿತೆಂದು ತಿಳಿದಿದ್ದರೂ ತಂದೆತಾಯಿಗಳ ಗೋಳನ್ನು ನೋಡಲಾರದೆ ಪಾಶ್ಚರನು ಚಿಕಿತ್ಸೆ ಮಾಡಿದನು, ಮಗು ಉಳಿಯಲಿಲ್ಲ. ೧೮೮೬ರಲ್ಲಿ ರಷ್ಯಾ ದೇಶದ ಸ್ಮೊಲೆನ್ಸ್ಕಿನಿಂದ ಹುಚ್ಚುತೋಳ ಕಚ್ಚಿದ ಹತ್ತೊಂಬತ್ತು ಮಂದಿ ಪ್ಯಾರಿಸಿಗೆ ಪ್ರಯಾಣಮಾಡಿ ಬಂದರು. ಅವರಲ್ಲಿ ಹದಿನಾರು ಮಂದಿ ಬದುಕಿದರು. ಮದ್ದು ಇದ್ದರಷ್ಟೇ ಸಾಲದು, ಅದು ಹೊತ್ತಿಗೆ ಕೈಗೆಟುಕಬೇಕು ಎಂಬುದು ಆಗಲೇ ಸ್ಪಷ್ಟವಾಯಿತು.

ಹೊತ್ತಿಗೆ ಎಟುಕಬೇಕೇಕೆಂಬುದಕ್ಕೆ ಕಾರಣವು ರೋಗದ ನಡೆಯಲ್ಲಿಯೇ ಇದೆ. ಹುಚ್ಚುಪ್ರಾಣಿಯ ಜೊಲ್ಲಿನಲ್ಲಿರುವ ವೈರಸ್ ಎಂಬ ಅತಿಸೂಕ್ಷ್ಮವಾದ ರೋಗಬೀಜವು ಗಾಯದ ಮೂಲಕ ನರಗಳನ್ನು ಹೊಕ್ಕು, ನರಗಳ ದಾರಿಯಲ್ಲಿಯೇ ನಿಧಾನವಾಗಿ ಮಿದುಳಿನ ಕಡೆಗೆ ಸಾಗುವುದು. ಸಾಮಾನ್ಯವಾಗಿ ಈ ಪ್ರಯಾಣಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುವುದು. ಕೆಲವರಲ್ಲಿ ಇದಕ್ಕಿಂತ ಬಹಳ ಹೆಚ್ಚೂ ಹಿಡಿಯುವುದುಂಟು. ಮುಖ, ತಲೆ, ಬೆರಳು ಇಲ್ಲಿಯ ಗಾಯಗಳಾದರೆ ದಿನಗಳು ಕಡಿಮೆ. ಮಿದುಳನ್ನು ಮುಟ್ಟಿದ ಮೇಲೆ ಬದುಕಿದವರು ಲೋಕದಲ್ಲೆಲ್ಲ ಬೆರಳೆಣಿಕೆಯ ಮಂದಿ. ಚುಚ್ಚುಮದ್ದು ಮಾಡುವ ಕೆಲಸವೆಂದರೆ ರೋಗಬೀಜವು ಮಿದುಳನ್ನು ಸೇರುವ ಮೊದಲೇ ದೇಹದ ರಕ್ಷಣಶಕ್ತಿಯನ್ನು ಎಚ್ಚರಿಸುವುದು.

೫

ಹಿಂದುಸ್ಥಾನಕ್ಕೆ ಈ ಚಿಕಿತ್ಸೆಯು ಬಂದುದು ೧೯೦೦ರಲ್ಲಿ. ಸಿಮ್ಲಾ ಬೆಟ್ಟಗಳ ಬಳಿಯ ಕಸೌಲಿಯಲ್ಲಿ ಮೊದಲ ಪಾಶ್ಚರ್ ಸಂಸ್ಥೆಯು ತೆರೆಯಿತು. ದಕ್ಷಿಣದವರಿಗಾಗಿ ೧೯೦೭ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಎರಡನೆಯದು ತೆರೆಯಿತು. ಅಮೆರಿಕದ ಹೆನ್ರಿ ಫಿಪ್ಸ್ ಎಂಬ ಧನಿಕನು ಲಾರ್ಡ್ ಕರ್ಜನನ ಕೈಗೆ ಕೊಟ್ಟಿದ್ದ ದಾನದ ಒಂದು ಭಾಗವು ಅದಕ್ಕೆ ಒದಗಿತು.

ಆಗ ಕಲ್ಯಾಣ, ಹುಮನಾಬಾದುಗಳು ನಿಜಾಮರ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಗೆ ಸೇರಿದ್ದುವು. ಇಲ್ಲಿಂದ ಕಸೌಲಿಗೆ ನೇರವಾಗಿ ಗೆರೆಯೆಳೆದು ಅಳೆದರೂ ಸಾವಿರದ ನಾನೂರು ಕಿಲೋಮೀಟರು, ಕೂನೂರಿಗೆ ಏಳುನೂರು. ಕೂನೂರಿಗೆ ಹೊರಟವನ ದಾರಿಯನ್ನು ಸ್ವಲ್ಪ ಊಹಿಸಿ ನೋಡೋಣ. ಹುಮನಾಬಾದಿನಿಂದ ಗುಲಬರ್ಗೆಯವರೆಗೆ ಸುಮಾರು ಅರವತ್ತು ಕಿಲೋಮೀಟರು ಎತ್ತಿನ ಗಾಡಿ. ಅಲ್ಲಿಂದ ರಾಯಚೂರು, ಗುಂತಕಲ್ಲುಗಳ ಮೇಲೆ ರೈಲು. ಮದರಾಸು ಪ್ರಾಂತವನ್ನು ದಾಟಿ ಮೆಟ್ಟುಪಾಳೆಯ. ಕೊನೆಗೆ ಬೆಟ್ಟ ಹತ್ತುವ ಪುಟ್ಟ ರೈಲು. ಹೋದ ಮೇಲೆ ದಿನಕ್ಕೊಂದು ಸೂಜಿಯಂತೆ ವಾರಗಟ್ಟಲೆ ಅಲ್ಲಿಯೇ ತಂಗಬೇಕು. ಭಾಷೆ ಬೇರೆ, ಚಳಿ ಬೇರೆ, ಕೈಯಲ್ಲಿ ಹಣ ಬೇರೆ ಬೇಕು. ಹೊಲದ ಕೂಲಿಯವನಿಗೆ ಇದು ಸಾಧ್ಯವಿತ್ತೇ? ಅವನ ಪಾಲಿಗೆ ಕೂನೂರು ಇದ್ದೂ ಇಲ್ಲದಂತೆಯೇ ಸರಿ. ಊರಿನ ಮಂತ್ರಗಾರನೂ ನಾಟಿವೈದ್ಯನೂ ಅವನಿಗೆ ದಿಕ್ಕಾದುದರಲ್ಲಿ ಆಶ್ಚರ್ಯವೇನು? ನಮ್ಮ ಜನರು ಮೂಢರಾದ್ದರಿಂದ ಮಂತ್ರಕ್ಕೆ ಶರಣಾದರೆಂದು ಸುಲಭವಾಗಿ ಹೇಳಿಬಿಡುವವರು ಈ ದೂರವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಈ ದೂರವನ್ನು ಕಡಿಮೆಮಾಡಿದವನು ಡೇವಿಡ್ ಸೆಂಪಲ್. ಕಸೌಲಿಯಲ್ಲಿ ಕೆಲಸಮಾಡಿದ ಈ ವೈದ್ಯನು ೧೯೧೧ರಲ್ಲಿ, ಪ್ರಾಣಿಯ ಮಿದುಳಿನಲ್ಲಿ ಬೆಳೆದ ರೋಗವಿಷವನ್ನು ಕಾರ್ಬಾಲಿಕ್ ಆಮ್ಲದಿಂದ ಕೊಂದು ಮದ್ದು ಮಾಡುವ ಕ್ರಮವನ್ನು ಪ್ರಕಟಿಸಿದನು. ಸೀಸೆಯಲ್ಲಿ ತುಂಬಿ ದೂರದ ಆಸ್ಪತ್ರೆಗಳಿಗೆ ಕಳುಹಿಸಬಹುದಾದ ಮದ್ದು ಅದು. ರೋಗಿಯು ಬೆಟ್ಟಕ್ಕೆ ಹೋಗುವ ಬದಲು ಮದ್ದೇ ಬಯಲಿಗೆ ಇಳಿದುಬಂದಿತು. ಅಸಂಖ್ಯ ಜನರನ್ನು ಅದು ಉಳಿಸಿದುದು ನಿಜ; ಅದರ ದೋಷವೂ ನಿಜ. ಮಿದುಳಿನ ಅಂಶವು ಅದರಲ್ಲಿದ್ದುದರಿಂದ ಕೆಲವರಿಗೆ ಲಕ್ವ ಹೊಡೆಯುತ್ತಿದ್ದಿತು. ಹೊಟ್ಟೆಯ ಚರ್ಮದೊಳಗೆ ಏಳರಿಂದ ಹದಿನಾಲ್ಕು ಸೂಜಿಗಳನ್ನು ದಿನವೂ ತಾಳಿಕೊಳ್ಳಬೇಕಾಗಿದ್ದಿತು. 'ಹೊಕ್ಕುಳ ಸುತ್ತ ಹದಿನಾಲ್ಕು' ಎಂಬ ಹೆದರಿಕೆಯು ಮನೆಮನೆಯಲ್ಲಿ ನಿಂತುದು ಹೀಗೆ.

ಆ ಮದ್ದಿನ ತಯಾರಿಕೆಯು ನಮ್ಮ ದೇಶದಲ್ಲಿ ೨೦೦೪ರ ಕೊನೆಯಲ್ಲಿ ನಿಂತಿತು. ಇಂದಿನ ಲಸಿಕೆಯು ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಬೆಳೆಸಿದುದು. ಅದನ್ನು ತೋಳಿಗೆ ಹಾಕುವರು. ನಾಲ್ಕೈದು ಭೇಟಿಗಳಲ್ಲಿ ಮುಗಿಯುವುದು. ಲಕ್ವದ ಆ ಭಯವಿಲ್ಲ. ಆಳವಾದ ಗಾಯಗಳಿಗೆ ಲಸಿಕೆಯ ಜತೆಗೆ ಸಿದ್ಧರಕ್ಷಕವಾದ ಸೀರಮ್ಮನ್ನೂ ಗಾಯದ ಸುತ್ತ ಕೊಡುವರು. ೧೯೫೪ರಲ್ಲಿ ಇರಾನ್ ದೇಶದ ಒಂದು ಹಳ್ಳಿಯಲ್ಲಿ ಹುಚ್ಚುತೋಳವು ಅನೇಕರನ್ನು ಕಚ್ಚಿದಾಗ ಈ ಜೋಡಿಚಿಕಿತ್ಸೆಯ ಮೇಲ್ಮೆಯು ನಿಸ್ಸಂದೇಹವಾಗಿ ಕಂಡುಬಂದಿತು. ಇತ್ತ ನಮ್ಮ ಪ್ರಾಂತದ ದಾರಿಯೂ ಬದಲಾಗಿದೆ. ಕಲ್ಯಾಣವು ಬಸವಕಲ್ಯಾಣವಾಗಿ, ೧೯೫೬ರಲ್ಲಿ ಜಿಲ್ಲೆಯು ಕನ್ನಡ ರಾಜ್ಯವನ್ನು ಸೇರಿತು. ಹುಮನಾಬಾದಿನ ಮೇಲೆ ಹಾಯುವ ಬೀದರ-ಕಲಬುರಗಿ ರೈಲುಮಾರ್ಗವು ೨೦೧೭ರಲ್ಲಿ ಪೂರ್ಣವಾಗಿ ತೆರೆಯಿತು. ಆದರೆ ಲಸಿಕೆಗಾಗಿ ಈಗ ರೈಲು ಹತ್ತಬೇಕಾದ ಅಗತ್ಯವೇ ಇಲ್ಲ. ಅದು ಸರಕಾರಿ ಆಸ್ಪತ್ರೆಗಳಲ್ಲಿ ದೊರೆಯುವ ಮದ್ದಾಗಿದೆ. ಮದ್ದು ಬದಲಾದರೂ ಹಳೆಯ ಹೆದರಿಕೆಯು ಮಾತ್ರ ಕೆಲವು ಮನೆಗಳಲ್ಲಿ ಬದಲಾಗದೆ ಉಳಿದಿದೆ. ಅಜ್ಜನ ಕಾಲದ ಹದಿನಾಲ್ಕು ಸೂಜಿಗಳನ್ನು ನೆನೆದು ಮೊಮ್ಮಗನನ್ನು ಆಸ್ಪತ್ರೆಗೆ ಒಯ್ಯಲು ತಡಮಾಡುವುದಕ್ಕಿಂತ ದುಃಖಕರವಾದುದು ಬೇರೇನಿದೆ?

೬

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಕೋತಿಗೆ ಈ ರೋಗವು ಬರುವುದೇ? ಬರುವುದು. ಹಾಲುಣಿಸುವ ಪ್ರಾಣಿಗಳಾವುವೂ ಇದರಿಂದ ಮುಕ್ತವಲ್ಲ; ಕಪ್ಪು ಮೋರೆಯ ಮುಸುವವೂ ಅಷ್ಟೇ, ಕೆಂಚು ಮೈಯ ಮಂಗವೂ ಅಷ್ಟೇ. ಆದರೆ ರೋಗವು ಬರುವುದು ಬೇರೆ, ರೋಗವು ಆ ಜಾತಿಯಲ್ಲಿ ಮನೆಮಾಡಿಕೊಂಡು ಒಂದರಿಂದೊಂದಕ್ಕೆ ಹರಡುತ್ತ ನಿಲ್ಲುವುದು ಬೇರೆ. ನಮ್ಮ ದೇಶದಲ್ಲಿ ಈ ರೋಗಕ್ಕೆ ಮನೆಯಾಗಿರುವುದು ನಾಯಿ. ಹುಚ್ಚುನಾಯಿಯ ಹಲ್ಲಿಗೆ ಸಿಕ್ಕ ಕೋತಿಯು ರೋಗಹತ್ತಿ ಸಾಯಬಹುದು. ಸಾಯುವ ಮುನ್ನ ಎದುರಾದವರನ್ನು ಕಚ್ಚಬಹುದು. ಅಷ್ಟರಿಂದ ಕೋತಿಯ ಹಿಂಡು ರೋಗದ ಮೂಲವೆನಿಸಲಾರದು. ನಾಯಿಯ ರೋಗವು ತುಳುಕಿ ಅದರ ಮೇಲೆ ಬಿದ್ದಿದೆಯೆನ್ನುವುದೇ ಸರಿಯಾದ ಮಾತು.

ವಾನರಜಾತಿಯಲ್ಲಿಯೇ ಈ ರೋಗವು ನೆಲೆನಿಂತ ಸ್ಪಷ್ಟ ಉದಾಹರಣೆಯೊಂದು ಲೋಕದಲ್ಲಿದೆ. ಅದು ಬ್ರಜಿಲ್ ದೇಶದ ಈಶಾನ್ಯದಲ್ಲಿರುವ ಸಿಯಾರಾ ಎಂಬ ಪ್ರಾಂತದ್ದು. ಅಲ್ಲಿ ಮಾರ್ಮೊಸೆಟ್ ಎಂಬ, ಅಳಿಲಿಗಿಂತ ತುಸು ದೊಡ್ಡದಾದ, ಕಿವಿಯ ಮೇಲೆ ಬಿಳಿಯ ಕುಚ್ಚುಳ್ಳ ಪುಟ್ಟ ಕೋತಿಯುಂಟು. ಅದರ ಅಂದಕ್ಕೆ ಮರುಳಾಗಿ ಜನರು ಅದನ್ನು ಹಿಡಿದು ಸಾಕುವರು, ಕೈಯಿಂದ ತಿನಿಸು ಕೊಡುವರು. ೧೯೯೧ರಿಂದ ೧೯೯೮ರವರೆಗೆ ಆ ಪ್ರಾಂತದಲ್ಲಿ ಜಲತ್ರಾಸದಿಂದ ಸತ್ತವರ ಪೈಕಿ ಎಂಟು ಮಂದಿಗೆ ರೋಗವು ಈ ಕೋತಿಯಿಂದಲೇ ತಗುಲಿತೆಂದು ಪಂಡಿತರು ೨೦೦೧ರಲ್ಲಿ ಪ್ರಕಟಿಸಿದರು. ಆ ವೈರಸ್ಸನ್ನು ಪರೀಕ್ಷಿಸಿದಾಗ ಅಮೆರಿಕ ಖಂಡಗಳ ನಾಯಿ, ಬಾವಲಿ ಮುಂತಾದುವುಗಳಲ್ಲಿ ಅದುವರೆಗೆ ತಿಳಿದಿದ್ದ ಬಗೆಗಳಾವುದನ್ನೂ ಅದು ಹೋಲಲಿಲ್ಲ; ಕೋತಿಯಲ್ಲಿಯೇ ಅದು ಪ್ರತ್ಯೇಕವಾಗಿ ನೆಲಸಿದ ಬಗೆಯಾಗಿದ್ದಿತು. ಈ ಸಂಗತಿಯಿಂದ ನಾವು ಕಲಿಯತಕ್ಕ ಪಾಠಗಳು ಎರಡು. ವಾನರಜಾತಿಯಲ್ಲಿ ರೋಗವು ನೆಲೆಸುವುದು ಅಸಂಭವವಲ್ಲ ಎಂಬುದು ಒಂದು. ಕಾಡಿನಲ್ಲಿದ್ದ ರೋಗವು ಮನುಷ್ಯನನ್ನು ಮುಟ್ಟಿದುದು ಬಹುಮಟ್ಟಿಗೆ ಅವನು ತಾನಾಗಿ ಕೈಚಾಚಿದುದರಿಂದ ಎಂಬುದು ಇನ್ನೊಂದು. ಹೆದ್ದಾರಿಯ ಪಕ್ಕದಲ್ಲಿ ಬಂಡಿ ನಿಲ್ಲಿಸಿ ಕೋತಿಗಳಿಗೆ ಬಿಸ್ಕತ್ತು ನೀಡುವ ನಮ್ಮ ಪ್ರಯಾಣಿಕರು ಎರಡನೆಯ ಪಾಠವನ್ನು ಮನಸ್ಸಿನಲ್ಲಿಡಬೇಕು. ಕೈಯಿಂದ ತಿನ್ನಲು ಕಲಿತ ಕೋತಿಯು, ಕೊಡದ ಕೈಯನ್ನು ಕಚ್ಚಲೂ ಕಲಿಯುವುದು.

ಕೋತಿಯ ಹೆಸರಿನಲ್ಲಿ ಬೇರೆ ರೋಗಗಳನ್ನು ಇದರೊಡನೆ ಬೆರಸಿ ಮಾತನಾಡುವವರೂ ಇದ್ದಾರೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯು ಕಚ್ಚುವುದರಿಂದ ಬರುವುದಲ್ಲ. ಅದು ಉಣುಗುಗಳಿಂದ ಹರಡುವುದು. ಮಂಗಗಳು ಮನುಷ್ಯರಂತೆಯೇ ಅದಕ್ಕೆ ತುತ್ತಾಗಿ ಸಾಯುವುವು. ಮಲೆನಾಡಿನ ಆ ಕಾಯಿಲೆಗೂ ಜಲತ್ರಾಸಕ್ಕೂ ಯಾವ ಸಂಬಂಧವೂ ಇಲ್ಲ. ಮಂಗಗಳ ಜೊಲ್ಲಿನಲ್ಲಿ ಇರಬಹುದಾದ 'ಬಿ' ವೈರಸ್ ಎಂಬುದು ಮತ್ತೊಂದು. ೧೯೩೨ರಲ್ಲಿ ನ್ಯೂಯಾರ್ಕಿನ ಪ್ರಯೋಗಶಾಲೆಯಲ್ಲಿ ಮಂಗ ಕಚ್ಚಿದ ಒಬ್ಬ ವೈದ್ಯನ ಮರಣದಿಂದ ಅದು ಬೆಳಕಿಗೆ ಬಂದಿತು. ಮನುಷ್ಯನಿಗೆ ಅದು ತಗಲುವುದು ಬಹು ಅಪರೂಪ. ಆದರೆ ಮಂಗನ ಗಾಯವನ್ನು ಕೂಡಲೇ ತೊಳೆಯಬೇಕೆಂಬುದಕ್ಕೆ ಅದೂ ಒಂದು ಕಾರಣ.

೭

ಹೀಗಿರಲು ನಮ್ಮ ಕರ್ತವ್ಯವೇನು? ಕೋತಿಯಲ್ಲಿ ರೋಗವು ಅಪರೂಪವೆಂದು ಹೇಳಿದುದರಿಂದ ಕೋತಿಯ ಕಡಿತವನ್ನು ಕಡೆಗಣಿಸಬಹುದೆಂದು ಯಾರೂ ತಿಳಿಯಬಾರದು. ಇದಕ್ಕೆ ಕಾರಣವು ಸುಲಭವಾಗಿದೆ. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿಟ್ಟು ನೋಡಬಹುದು. ಆ ಹತ್ತು ದಿನವೂ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲವೆಂದು ನಿರ್ಣಯಿಸಬಹುದು. ಈ ನಿಯಮವು ನಾಯಿಬೆಕ್ಕುಗಳಿಗೆ ಮಾತ್ರ ಸಲ್ಲುವುದು. ಕೋತಿಯು ಕಚ್ಚಿ ಮಾಳಿಗೆಯಿಂದ ಮಾಳಿಗೆಗೆ ಹಾರಿ ಮರೆಯಾಗುವುದು. ಮರುದಿನ ಬಂದುದು ಅದೇ ಕೋತಿಯೋ ಬೇರೆಯೋ ಯಾರು ಬಲ್ಲರು? ಆದಕಾರಣ ಕೋತಿ ಕಚ್ಚಿದಾಗ ಹುಚ್ಚುನಾಯಿ ಕಚ್ಚಿದಾಗ ಮಾಡುವುದನ್ನೇ ಮಾಡಬೇಕು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆಯ ಹೊತ್ತು ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಎಣ್ಣೆ, ಅರಿಸಿನ ಏನನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ವೈದ್ಯರು ಹೇಳಿದಷ್ಟು ಬಾರಿ ಲಸಿಕೆಯನ್ನು ತಪ್ಪದೆ ಹಾಕಿಸಿಕೊಳ್ಳಬೇಕು. ಗಾಯ ಒಣಗಿತೆಂದು ನಡುವೆ ಬಿಡುವುದು ತರವಲ್ಲ. ಮಕ್ಕಳು ಬೈಗುಳಕ್ಕೆ ಹೆದರಿ ಕಡಿತವನ್ನು ಮುಚ್ಚಿಡುವುದುಂಟು. ತಾ ಬಂದು ಹೇಳಿದ ಮಗುವನ್ನು ಗದರಿಸದಿರುವುದೂ ಒಂದು ಚಿಕಿತ್ಸೆಯೇ.

ರೋಗದ ಬೇರನ್ನು ಕೀಳುವ ಕೆಲಸವಾದರೋ ನಾಯಿಗಳ ಕಡೆಗಿದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ೫,೭೦೦ ಮಂದಿ ಈ ರೋಗದಿಂದ ಸಾಯುವರೆಂದು ಈಚಿನ ಒಂದು ದೊಡ್ಡ ಸಮೀಕ್ಷೆಯ ಅಂದಾಜು. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಹಾಕಿ, ಅದನ್ನು ವರ್ಷ ವರ್ಷವೂ ನಡಸಿಕೊಂಡು ಬಂದರೆ ರೋಗದ ಸರಪಣಿಯು ಕಡಿದುಬೀಳುವುದೆಂದು ತಿಳಿದವರು ಹೇಳುತ್ತಾರೆ. ೨೦೩೦ರೊಳಗೆ ನಾಯಿಯ ಮೂಲಕ ಬರುವ ಈ ಮರಣಗಳನ್ನು ನಿಲ್ಲಿಸಬೇಕೆಂದು ಭಾರತ ಸರಕಾರವು ೨೦೨೧ರಲ್ಲಿ ಯೋಜನೆಯೊಂದನ್ನು ಹೊರಡಿಸಿತು. ಮನುಷ್ಯರಲ್ಲಿ ಈ ರೋಗವು ಕಂಡಾಗ ತಪ್ಪದೆ ವರದಿಮಾಡಬೇಕೆಂದು ಕರ್ನಾಟಕ ಸರಕಾರವು ೨೦೨೨ರಲ್ಲಿ ವಿಧಿಸಿತು. ಕೋತಿಗಳ ಮೇಲೆ ಕವಣೆ ಬೀಸುವುದರಿಂದ ಈ ಸರಪಣಿಯು ಕಡಿಯಲಾರದು. ನಾಯಿಗಳಲ್ಲಿ ರೋಗವು ನಿಂತರೆ ಕೋತಿಗಳ ಮೇಲೆ ತುಳುಕುವುದೂ ತಾನಾಗಿ ನಿಲ್ಲುವುದು. ಗೋವೈದ್ಯವನ್ನು ಬರೆದ ಅರಸುಮಗನ ಸೀಮೆಯಲ್ಲಿ, ನಮ್ಮ ಬೀದರದಲ್ಲಿಯೇ, ೨೦೦೪ರ ಕಾಯಿದೆಯಿಂದ ಹುಟ್ಟಿದ ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯವು ನೆಲೆಗೊಂಡಿರುವುದು ಈ ಕಾರ್ಯಕ್ಕೆ ಶುಭಸೂಚಕವೆಂದೇ ತಿಳಿಯೋಣ.

ವಿಜ್ಞಾನೇಶ್ವರನ ಕಾಲದವರಿಗೆ ಕೋತಿಯ ಕಡಿತಕ್ಕೆ ದೊರೆತುದು ಶುದ್ಧಿಯ ವಿಧಿ; ನಮ್ಮ ಮುತ್ತಜ್ಜಂದಿರಿಗೆ ದೊರೆತುದು ಏಳುನೂರು ಕಿಲೋಮೀಟರಿನ ಆಚೆಗಿನ ಮದ್ದು. ನಮಗೆ ಬಚ್ಚಲಿನ ಸಾಬೂನೂ ಊರಿನ ಆಸ್ಪತ್ರೆಯ ಲಸಿಕೆಯೂ ದೊರೆತಿವೆ. ಕಸೌಲಿಯ ದೂರ ಹೋಯಿತು, ಕೂನೂರಿನ ದೂರವೂ ಹೋಯಿತು. ಈಗ ಉಳಿದಿರುವುದು ಮನೆಯ ಪಡಸಾಲೆಯಿಂದ ಆಸ್ಪತ್ರೆಯ ಬಾಗಿಲಿನವರೆಗಿನ ದೂರ. ಅದನ್ನು ಕಡಿತದ ದಿನವೇ ನಡೆದು ಮುಗಿಸುವುದು ಪ್ರತಿಯೊಂದು ಮನೆಯ ಹಿರಿಯರಿಗೆ ಸೇರಿದ ಹೊಣೆ.